ಈರುಳ್ಳಿ ಅಲ್ಲ, ಉಳ್ಳಾಗಡ್ಡಿ: ಮನಸ್ಸು ಓದುವ ಆಟದ ಬಗ್ಗೆ ಓದುಗರ ಪ್ರಶ್ನೆಗಳು

ಶಾಲೆಯ ಗ್ಯಾದರಿಂಗ್, ಗಣೇಶನ ಪೆಂಡಾಲ್, ಕಾಲೇಜಿನ ಬೀಳ್ಕೊಡುಗೆಯಲ್ಲಿ ಮನಸ್ಸು ಓದುವ ಜಾದೂ ಆಡಿಸುವವರು ಕಲಬುರಗಿ, ಬೀದರ, ಯಾದಗಿರಿ ಕಡೆಯಿಂದ ಬರೆದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹುತೇಕರ ತೊಂದರೆಯ ಬೇರು ಒಂದೇ. ಎಲ್ಲೋ ನೋಡಿದ ಆಟವನ್ನು ಇದ್ದ ಹಾಗೇ ತಂದು ಇಲ್ಲಿಯ ಮಂದಿಯ ಮುಂದೆ ಇಟ್ಟಿದ್ದಾರೆ. ಗುಟ್ಟು ಎಲ್ಲ ಊರಿಗೂ ಒಂದೇ ಇರಬಹುದು. ಆದರೆ ಎದುರಿಗೆ ಕೂತವರ ಮಾತು, ಲಿಪಿ, ಅಡುಗೆಮನೆ ಬೇರೆ. ಆಟವನ್ನು ಅದಕ್ಕೆ ಹೊಂದಿಸಿಕೊಳ್ಳದೆ ಹೋದರೆ ಗುಟ್ಟು ಕೈ ಕೊಡುತ್ತದೆ.

ಪ್ರಶ್ನೆ: ಒಂದು ಸಂಖ್ಯೆ ನೆನೆದು 9ರಿಂದ ಗುಣಿಸಿ, ಬಂದ ಅಂಕಿಗಳನ್ನು ಕೂಡಿಸಿ, 5 ಕಳೆಯಲು ಮಕ್ಕಳಿಗೆ ಹೇಳಿದೆ. ಉಳಿಯುವುದು 4. ನಾಲ್ಕನೇ ಸ್ವರ ‘ಈ’. ಅದರಿಂದ ಶುರುವಾಗುವ ತರಕಾರಿ ಈರುಳ್ಳಿ ಎಂದು ನನ್ನ ಲೆಕ್ಕ. ಅರ್ಧ ಮಕ್ಕಳು ‘ಯಾವ್ದೂ ಹೊಳೀಲಿಲ್ರಿ ಟೀಚರ್’ ಅಂದರು. ಎಲ್ಲಿ ತಪ್ಪಿತು?
– ಶಿಕ್ಷಕಿ, ಶಹಾಪುರ

ಉತ್ತರ: ಲೆಕ್ಕ ಸರಿ ಇದೆ, ಪದ ತಪ್ಪಿದೆ. ನಿಮ್ಮ ಮಕ್ಕಳ ಮನೆಯಲ್ಲಿ ಈರುಳ್ಳಿ ಇಲ್ಲ, ಉಳ್ಳಾಗಡ್ಡಿ ಇದೆ. ಪಠ್ಯಪುಸ್ತಕದ ಪದ ಪರೀಕ್ಷೆಯಲ್ಲಿ ನೆನಪಾಗುತ್ತದೆ, ಆಟದಲ್ಲಿ ಆಗುವುದಿಲ್ಲ. ಆಟದಲ್ಲಿ ಮಗುವಿಗೆ ಮೊದಲು ಹೊಳೆಯುವುದು ಅವ್ವ ದಿನಾ ಹೇಳುವ ಹೆಸರು.

ಹಾಗಾಗಿ 5ರ ಬದಲು 4 ಕಳೆಯಿಸಿ. ಉಳಿಯುವುದು 5, ಐದನೇ ಸ್ವರ ‘ಉ’. ಇದಕ್ಕೆ ಇನ್ನೊಂದು ಅನುಕೂಲವೂ ಇದೆ. ಅ, ಆ, ಇ, ಈ, ಉ ಎಂದು ಹೆಬ್ಬೆರಳಿನಿಂದ ಎಣಿಸುತ್ತ ಹೋದರೆ ಒಂದು ಕೈ ಮುಗಿಯುತ್ತದೆ, ಕಿರುಬೆರಳಿಗೆ ‘ಉ’ ಬರುತ್ತದೆ. ಸ್ವರಗಳ ಕ್ರಮ ಮರೆತವರೂ ಎಡವುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಕ್ಕಳಿದ್ದರೆ ಮೊದಲ ಹತ್ತು ಸ್ವರಗಳನ್ನು ಹಲಗೆಯ ಮೇಲೆ ಬರೆದಿಡಿ. ಐದನ್ನೇ ಬರೆದರೆ ಗುಟ್ಟು ಹಲಗೆಯ ಮೇಲೇ ಕೂತಿರುತ್ತದೆ.

ನೆನೆಯುವ ಸಂಖ್ಯೆ 2ರಿಂದ 9ರ ಒಳಗಿರಲಿ. 9ರ ಮಗ್ಗಿಯಲ್ಲಿ 18ರಿಂದ 81ರವರೆಗೆ ಯಾವುದರ ಅಂಕಿಗಳನ್ನು ಕೂಡಿಸಿದರೂ 9 ಬರುತ್ತದೆ. ಯಾರಾದರೂ 11 ಹಿಡಿದರೆ 99 ಆಗಿ, ಕೂಡಿಸಿದಾಗ 18 ಬಂದು ಆಟ ಕೆಡುತ್ತದೆ. 1 ಹಿಡಿದ ಮಗು ‘ಎರಡು ಅಂಕಿ ಎಲ್ಲಿದಾವ್ರಿ’ ಎಂದು ಕೇಳುತ್ತದೆ. ಅದಕ್ಕೇ ಎರಡೂ ತುದಿ ಕತ್ತರಿಸಿಬಿಡಿ.

‘ತರಕಾರಿ’ ಎನ್ನುವುದನ್ನು ಸ್ಪಷ್ಟವಾಗಿ ಹೇಳಿ. ಪ್ರಾಣಿಯ ಹೆಸರು ಕೇಳಿಸುವವರೂ ಇದ್ದಾರೆ, ಅದು ಕನ್ನಡದಲ್ಲಿ ನಿಲ್ಲುವುದಿಲ್ಲ. ‘ಆ’ ಎಂದರೆ ಆನೆ, ಆಕಳು, ಆಡು ಮೂರೂ ಬಂದು ನಿಲ್ಲುತ್ತವೆ. ‘ಎ’ ಎಂದರೆ ಎಮ್ಮೆ, ಎತ್ತು. ‘ಉ’ಗೆ ನಮ್ಮ ಕಡೆ ಥಟ್ಟನೆ ಹೊಳೆಯುವ ತರಕಾರಿ ಒಂದೇ.

ಕೊನೆಗೆ ಹೆಸರನ್ನು ಬಾಯಿಬಿಟ್ಟು ಹೇಳಬೇಡಿ. ‘ಈಗ ಅದನ್ನ ಈಳಿಗಿ ಮ್ಯಾಲ ಹೆಚ್ಚಲಕತ್ತೀರಿ ಅಂತ ತಿಳ್ಕೋರಿ’ ಎಂದು ಹೇಳಿ, ಅವರ ಮುಖ ನೋಡುತ್ತ ಮೆಲ್ಲಗೆ ಕಣ್ಣೊರೆಸಿಕೊಳ್ಳಿ. ‘ನನ್ನ ಕಣ್ಣಾಗ ಯಾಕ ನೀರು ಬರ್ಲಕತ್ತದ?’ ಅಷ್ಟೇ ಸಾಕು. ಸಭೆ ತಾನೇ ಕೂಗುತ್ತದೆ. ಆದರೆ ಇಡೀ ಸಭೆಯಿಂದ ಒಟ್ಟಿಗೆ ಲೆಕ್ಕ ಮಾಡಿಸಿದರೆ ಎಲ್ಲರಿಗೂ ಒಂದೇ ಉತ್ತರ ಬಂದಿದೆ ಎಂದು ಪಕ್ಕದವರಿಂದಲೇ ಗೊತ್ತಾಗುತ್ತದೆ. ಅದು ನಗಿಸುವ ಆಟವಾಗಿ ಚೆಂದ, ಮನಸ್ಸು ಓದಿದ ಹಾಗೆ ಕಾಣುವುದಿಲ್ಲ. ಒಬ್ಬರನ್ನೇ ಎಬ್ಬಿಸಿ ಆಡಿಸಿ, ಒಂದೇ ಸಲ ಆಡಿಸಿ.

ಪ್ರಶ್ನೆ: ಎದುರಿನವರು ಬರೆದುಕೊಟ್ಟ ಚೀಟಿ ಹರಿದು, ನಡುವಿನ ತುಂಡನ್ನು ಗುಟ್ಟಾಗಿ ಉಳಿಸಿಕೊಂಡು ಓದುವ ಆಟವನ್ನು ಆರು ತಿಂಗಳಿಂದ ಅಭ್ಯಾಸ ಮಾಡುತ್ತಿದ್ದೇನೆ. ಗೆಳೆಯರ ಮುಂದೆ ಮೂರಕ್ಕೆ ಒಂದು ಸಲ ಕೆಡುತ್ತದೆ. ಕೆಲವೊಮ್ಮೆ ಅರ್ಧ ಅಕ್ಷರ ಮಾತ್ರ ಸಿಗುತ್ತದೆ. ಮೊನ್ನೆ ತುಂಡು ಪೂರ್ತಿ ಸಿಕ್ಕಿತು, ಬರೆದದ್ದು ಉರ್ದುವಿನಲ್ಲಿತ್ತು.
– ಪದವಿ ವಿದ್ಯಾರ್ಥಿ, ಬೀದರ

ಉತ್ತರ: ನಿಮ್ಮ ಪತ್ರದಲ್ಲಿ ಮೂರು ತೊಂದರೆಗಳಿವೆ: ಕಾಗದದ ಅಳತೆ, ಮಡಿಕೆ, ಲಿಪಿ. ಈ ಆಟದಷ್ಟು ಫಲ ಕೊಡುವ ಇನ್ನೊಂದು ಚೀಟಿಯ ಆಟ ನಮಗೆ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇವೆ.

ಕಾಗದ 8 ಸೆಂಟಿಮೀಟರ್ ಚೌಕ ಇರಲಿ, ಸಾದಾ ನೋಟ್‌ಬುಕ್ಕಿನ ಹಾಳೆ. ದಪ್ಪ ಕಾಗದ ಹರಿಯುವಾಗ ಜೋರು ಸದ್ದು ಮಾಡುತ್ತದೆ, ಅಂಚೂ ಸೊಟ್ಟಗಾಗುತ್ತದೆ. ನಡುವೆ 3 ಸೆಂಟಿಮೀಟರ್ ಅಡ್ಡಳತೆಯ ಒಂದು ವೃತ್ತವನ್ನು ಮೊದಲೇ ಬರೆದಿಡಿ. ‘ಈ ಗುಂಡದೊಳಗ ಒಂದೇ ಮಾತು ಬರೀರಿ’ ಎಂದರೆ ಯಾರೂ ಯಾಕೆ ಎಂದು ಕೇಳುವುದಿಲ್ಲ. ವೃತ್ತ ಇಲ್ಲದಿದ್ದರೆ ಬಹಳ ಮಂದಿ ಮೇಲಿನ ಎಡ ಮೂಲೆಯಿಂದ ಬರೆಯಲು ಶುರು ಮಾಡುತ್ತಾರೆ. ನಿಮಗೆ ಅರ್ಧ ಅಕ್ಷರ ಸಿಗುತ್ತಿರುವುದು ಇದರಿಂದ.

ಮಡಿಕೆ ಅಡ್ಡಕ್ಕೆ ಒಂದು, ಉದ್ದಕ್ಕೆ ಒಂದು, ಎರಡೇ. ಬರಹ ಒಳಗೆ ಇರಬೇಕು. ಆಗ 4 ಸೆಂಟಿಮೀಟರ್ ಚೌಕ ಆಗುತ್ತದೆ. ಅದರ ನಾಲ್ಕು ಮೂಲೆಗಳಲ್ಲಿ ಒಂದರಲ್ಲಿ ಮಾತ್ರ ಬಿಡಿ ಅಂಚು ಇರುವುದಿಲ್ಲ, ಬರೀ ಮಡಿಕೆ ಇರುತ್ತದೆ. ಕಾಗದದ ನಡು ಅಲ್ಲಿದೆ. ಮಡಚುವ ಕೆಲಸವನ್ನು ಎದುರಿನವರಿಗೆ ಬಿಟ್ಟರೆ ಪತ್ರ ಮಡಚಿದ ಹಾಗೆ ಮೂರು ಪದರ ಮಾಡುತ್ತಾರೆ, ಇಲ್ಲವೇ ಸುರುಳಿ ಸುತ್ತುತ್ತಾರೆ. ಆದ್ದರಿಂದ ಚೀಟಿಗಳನ್ನು ಮನೆಯಲ್ಲೇ ಒಂದು ಸಲ ಮಡಚಿ ಬಿಡಿಸಿ ತನ್ನಿ. ಗೆರೆ ಬಿದ್ದ ಕಾಗದವನ್ನು ಕೈ ತಾನಾಗಿಯೇ ಆ ಗೆರೆಯ ಮೇಲೇ ಮಡಚುತ್ತದೆ.

ಚೀಟಿ ಕೈಗೆ ಬಂದಾಗ ಆ ಮೂಲೆ ಬಲಗೈ ಹೆಬ್ಬೆರಳಿನ ಕೆಳಗೆ, ಮೇಲ್ಭಾಗದ ಬಲಕ್ಕೆ ಇರಲಿ. ಮೇಲಿನಿಂದ ಕೆಳಕ್ಕೆ ಸರಿ ನಡುವೆ ಹರಿಯಿರಿ. ಎಡಗೈಯ ತುಂಡುಗಳನ್ನು ಬಲಗೈಯ ತುಂಡುಗಳ ಹಿಂದೆ ಇಡಿ. ಅಂದರೆ ನಡುವಿನ ತುಂಡು ನಿಮ್ಮ ಕಡೆಗೇ ಉಳಿಯಬೇಕು. ಈಗ ಅಡ್ಡಕ್ಕೆ ಇನ್ನೊಮ್ಮೆ ಹರಿದರೆ ಹೆಬ್ಬೆರಳಿನ ಕೆಳಗೆ 2 ಸೆಂಟಿಮೀಟರಿನ ಒಂದು ಸಣ್ಣ ಮಡಿಕೆ ಉಳಿಯುತ್ತದೆ. ಬಿಚ್ಚಿದರೆ ಅದು 4 ಸೆಂಟಿಮೀಟರ್ ಚೌಕ, ನಿಮ್ಮ 3 ಸೆಂಟಿಮೀಟರ್ ವೃತ್ತ ಪೂರ್ತಿ ಅದರೊಳಗೆ. ಉಳಿದ ತುಂಡುಗಳನ್ನು ಮುಂದೆ ಚಾಚಿದಾಗ ಹೆಬ್ಬೆರಳು ಈ ಮಡಿಕೆಯನ್ನು ಬೆರಳುಗಳ ಬುಡಕ್ಕೆ ಎಳೆದುಕೊಳ್ಳಬೇಕು. ಎಳೆಯುವ ಹೊತ್ತಿಗೆ ನಿಮ್ಮ ಕಣ್ಣು ಕೈ ಮೇಲೆ ಇರಬಾರದು, ಎದುರಿನವರ ಮುಖದ ಮೇಲೆ ಇರಬೇಕು. ನೀವು ಕೈ ನೋಡಿದರೆ ಎಲ್ಲರೂ ಕೈ ನೋಡುತ್ತಾರೆ.

ಉಳಿದ ತುಂಡುಗಳನ್ನು ಬರೆದವರ ಕೈಗೆ ಕೊಡಬೇಡಿ. ಜೋಡಿಸಿ ನೋಡುವವರು ಇದ್ದೇ ಇರುತ್ತಾರೆ, ನಡುವೆ ಖಾಲಿ ಕಂಡರೆ ಮುಗಿಯಿತು. ಸುಡುವುದೂ ಬೇಡ. ಪೆಂಡಾಲಿನ ಬಟ್ಟೆ, ಜಮಖಾನ, ಓಡಾಡುವ ಮಕ್ಕಳ ನಡುವೆ ಬೆಂಕಿ ಹಚ್ಚುವುದು ದೊಡ್ಡ ತಪ್ಪು. ನೀರು ತುಂಬಿದ ಸ್ಟೀಲ್ ಲೋಟಕ್ಕೆ ಹಾಕಿ, ಪೆನ್ನಿನ ತುದಿಯಿಂದ ಒಮ್ಮೆ ಅದ್ದಿಬಿಡಿ. ಮತ್ತೆ ಅದಕ್ಕೆ ಯಾರೂ ಕೈ ಹಾಕುವುದಿಲ್ಲ.

ಓದುವುದಕ್ಕೆ ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡ್ ಸಾಕು. ಅದನ್ನು ಎದೆಮಟ್ಟಕ್ಕೆ ಹಿಡಿದು ಏನೋ ಬರೆಯುವವರ ಹಾಗೆ ಹೆಬ್ಬೆರಳಿನಿಂದ ಮಡಿಕೆ ಬಿಚ್ಚಿ. ಎರಡು ಸಲ ಬಿಚ್ಚಬೇಕು. ಒಂದು ಗೆರೆ ಬರೆದು, ಹೊಡೆದು ಹಾಕಿ, ‘ಇಲ್ಲ, ಇದಲ್ಲ’ ಎಂದರೆ ನಿಮಗೆ ಮೂರು ಸೆಕೆಂಡು ಸಿಗುತ್ತದೆ. ಜಮಖಾನದ ಮೇಲೆ ಮಂದಿ ನಿಮ್ಮ ಎಡಬಲಕ್ಕೂ ಕೂತಿದ್ದರೆ ಈ ಆಟ ಬೇಡ. ಬೆನ್ನಿಗೆ ಗೋಡೆ ಇರಲೇಬೇಕು.

ಇನ್ನು ಲಿಪಿ. ಬೀದರದಲ್ಲಿ ಒಂದು ಬೆಂಚಿನ ಮೇಲೆ ಕನ್ನಡ, ಉರ್ದು, ಮರಾಠಿ ಬರೆಯುವವರು ಒಟ್ಟಿಗೆ ಕೂತಿರುತ್ತಾರೆ. ಸೇಡಂ, ಗುರುಮಠಕಲ್ ಕಡೆ ತೆಲುಗು ಸೇರುತ್ತದೆ. ‘ಕನ್ನಡದಾಗೇ ಬರೀರಿ’ ಎಂದು ಹೇಳಿದರೆ ಕೆಲವರಿಗೆ ಮುಜುಗರ, ಮೇಲಾಗಿ ನೀವು ಓದುತ್ತೀರಿ ಎನ್ನುವುದನ್ನು ನೀವೇ ಬಯಲು ಮಾಡಿದ ಹಾಗೆ. ಪದದ ಬದಲು ಚಿತ್ರ ಕೇಳಿ: ‘ಮೂರು ಗೆರಿಯೊಳಗ ಬರಿಯೂದಾಗೋ ಒಂದು ಸಣ್ಣ ಚಿತ್ರ.’ ಮನೆ, ಹೂ, ಛತ್ರಿ, ಮೀನು ಬರುತ್ತವೆ. ಚಿತ್ರಕ್ಕೆ ಲಿಪಿ ಇಲ್ಲ. ಸಂಖ್ಯೆ ಕೇಳುವುದಾದರೆ ಕೆಳಗೆ ಒಂದು ಗೆರೆ ಎಳೆಯಲು ಹೇಳಿ. ಇಲ್ಲದಿದ್ದರೆ ತಲೆಕೆಳಗಾದ ತುಂಡಿನಲ್ಲಿ 6 ಯಾವುದು 9 ಯಾವುದು ತಿಳಿಯುವುದಿಲ್ಲ. ಅವಸರದಲ್ಲಿ ಬರೆದ ಕನ್ನಡದ ೬ ಮತ್ತು ೯ ನೇರ ಹಿಡಿದರೂ ಮೋಸ ಮಾಡುತ್ತವೆ.

ಬಾಲ್ ಪೆನ್ನನ್ನೇ ಕೊಡಿ. ಬೇಸಿಗೆಯಲ್ಲಿ ನಮ್ಮ ಕಡೆ ಪಾರಾ 40 ಡಿಗ್ರಿ ದಾಟುತ್ತದೆ, ಬೆವರಿದ ಬೆರಳಿಗೆ ಜೆಲ್ ಪೆನ್ನಿನ ಶಾಯಿ ಹತ್ತಿಕೊಂಡು ಹೆಬ್ಬೆರಳೇ ಸಾಕ್ಷಿ ಹೇಳುತ್ತದೆ.

ಪ್ರಶ್ನೆ: ಮೂರಂಕಿಯ ಸಂಖ್ಯೆ ನೆನೆದವರಿಗೆ ಕೊನೆಗೆ 1089 ಬರುವ ಲೆಕ್ಕದಿಂದ ಪುಸ್ತಕದ ಪದ ಹೇಳುವ ಆಟದಲ್ಲಿ ‘10ನೇ ಪುಟ, 8ನೇ ಸಾಲು, 9ನೇ ಪದ’ ಎಂದು ಹೇಳುತ್ತೇನೆ. ‘ಒಂಬತ್ತನೇ ಪದನೇ ಇಲ್ರಿ’ ಅಂತಾರೆ.
– ಗ್ರಂಥಾಲಯ ಸಹಾಯಕ, ಬಸವಕಲ್ಯಾಣ

ಉತ್ತರ: ಅವರು ನಿಜವನ್ನೇ ಹೇಳುತ್ತಿದ್ದಾರೆ. ಕನ್ನಡದ ಪದ ಉದ್ದ. ಇಂಗ್ಲಿಷ್ ನಾಲ್ಕು ಪದಗಳಲ್ಲಿ ಹೇಳುವುದನ್ನು ನಾವು ಪ್ರತ್ಯಯ ಹಚ್ಚಿ ಒಂದೇ ಪದ ಮಾಡುತ್ತೇವೆ. ಸಾಮಾನ್ಯ ಅಳತೆಯ ಪುಸ್ತಕದ ಒಂದು ಸಾಲಿನಲ್ಲಿ ಹೆಚ್ಚಾಗಿ 5ರಿಂದ 8 ಪದ ಇರುತ್ತವೆ. ‘108ನೇ ಪುಟ, 9ನೇ ಸಾಲು, ಮೊದಲ ಪದ’ ಎಂದು ಬದಲಿಸಿಕೊಳ್ಳಿ.

ಓದುಗರಿಗಾಗಿ ಲೆಕ್ಕ: ಮೂರು ಬೇರೆ ಬೇರೆ ಅಂಕಿಗಳ ಒಂದು ಸಂಖ್ಯೆ, 742 ಎನ್ನಿ. ತಿರುಗಿಸಿದರೆ 247. ದೊಡ್ಡದರಲ್ಲಿ ಸಣ್ಣದನ್ನು ಕಳೆದರೆ 495. ಅದನ್ನು ತಿರುಗಿಸಿದರೆ 594. ಎರಡನ್ನೂ ಕೂಡಿಸಿದರೆ 1089. ಕಳೆದಾಗ ಬರುವುದು ಯಾವಾಗಲೂ 99ರ ಗುಣಕ. ಹಾಗಾಗಿ ನಡುವಿನ ಅಂಕಿ 9, ಎರಡು ತುದಿಗಳ ಮೊತ್ತವೂ 9. ಕೆಡುವುದು ಒಂದೇ ಕಡೆ. ಮೊದಲ ಮತ್ತು ಕೊನೆಯ ಅಂಕಿಯ ವ್ಯತ್ಯಾಸ 1 ಇದ್ದರೆ, ಉದಾಹರಣೆಗೆ 534ರಲ್ಲಿ 435 ಕಳೆದರೆ, 99 ಬರುತ್ತದೆ. ಅದನ್ನು 099 ಎಂದು ಬರೆಯದವರು 99ಕ್ಕೆ 99 ಕೂಡಿಸಿ 198 ಎನ್ನುತ್ತಾರೆ. ‘ಮೊದಲನೇ ಅಂಕಿಗೂ ಕೊನೇ ಅಂಕಿಗೂ ಎರಡಕ್ಕಿಂತ ಕಡಿಮಿ ಫರಕ್ ಇರಬಾರದು’ ಎಂದು ಮೊದಲೇ ಹೇಳಿ.

ಪುಸ್ತಕ ಆರಿಸುವಾಗ 108ನೇ ಪುಟವನ್ನು ನೀವೇ ತೆಗೆದು ನೋಡಿ. ಸಮಸಂಖ್ಯೆಯ ಪುಟ, ಎಡಗಡೆ ಸಿಗುತ್ತದೆ. ಅಲ್ಲಿ ಅಧ್ಯಾಯ ಮುಗಿದು ಅರ್ಧ ಖಾಲಿ ಇದ್ದರೆ ಆ ಪುಸ್ತಕ ಬಿಡಿ. 9ನೇ ಸಾಲು ಹಿಂದಿನ ಸಾಲಿನಿಂದ ಮುರಿದು ಬಂದ ಪದದ ಬಾಲದಿಂದ ಶುರುವಾಗಿದ್ದರೂ ಬಿಡಿ. ಮೇಲೆ ಪುಸ್ತಕದ ಹೆಸರು ಅಚ್ಚಾಗಿದ್ದರೆ ಅದನ್ನೂ ಸಾಲೆಂದು ಎಣಿಸುವವರಿದ್ದಾರೆ, ‘ಕಥಿ ಶುರುವಾದಲ್ಲಿಂದ ಎಣಿಸ್ರಿ’ ಎನ್ನಿ. ‘ಆದ್ದರಿಂದ’, ‘ಎಂಬುದು’ ಥರದ ಪದ ಸಿಕ್ಕರೆ ಉಪಯೋಗವಿಲ್ಲ. ಕಣ್ಣಿಗೆ ಕಟ್ಟುವ ಪದ ಬೇಕು: ಬಾವಿ, ಎತ್ತು, ದೀಪ. ಗ್ರಂಥಾಲಯದಲ್ಲಿರುವವರಿಗೆ ಇದನ್ನು ಹುಡುಕುವುದು ಒಂದು ಸಂಜೆಯ ಕೆಲಸ.

ಪ್ರಶ್ನೆ: ಕೈಚಳಕ ಏನೂ ಬೇಡದ, ಐದನೇ ತರಗತಿಯ ಮಕ್ಕಳೇ ಆಡಿಸಬಹುದಾದ ಆಟ ಇದೆಯೇ?
– ಪಾಲಕರು, ಯಾದಗಿರಿ

ಉತ್ತರ: ಇದೆ. ಅದಕ್ಕೆ ನಮ್ಮ ಭಾಗದ ಭೂಗೋಲವೇ ಒದಗಿ ಬಂದಿದೆ. ಕಲ್ಯಾಣ ಕರ್ನಾಟಕದಲ್ಲಿ 7 ಜಿಲ್ಲೆ, ಈ ಆಟಕ್ಕೆ ಬೇಕಾದದ್ದೂ ಸರಿಯಾಗಿ 7 ಹೆಸರು. ಬೀದರ 1, ಕಲಬುರಗಿ 2, ಯಾದಗಿರಿ 3, ರಾಯಚೂರು 4, ಕೊಪ್ಪಳ 5, ಬಳ್ಳಾರಿ 6, ವಿಜಯನಗರ 7 ಎಂದು ಮಗು ಬಾಯಿಪಾಠ ಮಾಡಲಿ. ಮೊದಲ ನಾಲ್ಕು ನಕ್ಷೆಯಲ್ಲಿ ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿವೆ, ನೆನಪಿಗೆ ಸುಲಭ.

ಮೂರು ರಟ್ಟಿನ ತುಂಡು ಬೇಕು. ಒಂದರ ಮೇಲೆ ಬೀದರ, ವಿಜಯನಗರ, ಯಾದಗಿರಿ, ಕೊಪ್ಪಳ. ಎರಡನೆಯದರ ಮೇಲೆ ಕಲಬುರಗಿ, ಬಳ್ಳಾರಿ, ವಿಜಯನಗರ, ಯಾದಗಿರಿ. ಮೂರನೆಯದರ ಮೇಲೆ ರಾಯಚೂರು, ವಿಜಯನಗರ, ಕೊಪ್ಪಳ, ಬಳ್ಳಾರಿ. ಮೊದಲ ಹೆಸರನ್ನು ಮಾತ್ರ ಕದಲಿಸಬಾರದು, ಅದೇ ಬೀಗದ ಕೈ: ಬೀದರ ಎಂದರೆ 1, ಕಲಬುರಗಿ 2, ರಾಯಚೂರು 4. ಎದುರಿನವರು ಒಂದು ಜಿಲ್ಲೆ ನೆನೆದ ಮೇಲೆ ‘ನಿಮ್ಮ ಜಿಲ್ಲಾ ಇದರಾಗ ಅದ ಏನ್ರಿ?’ ಎಂದು ಮೂರನ್ನೂ ಒಂದೊಂದಾಗಿ ತೋರಿಸಬೇಕು. ಹೌದು ಅಂದ ರಟ್ಟುಗಳ ಬೀಗದ ಕೈ ಕೂಡಿಸಿದರೆ ಉತ್ತರ. ಮೊದಲೆರಡರಲ್ಲಿ ಇದೆ, ಮೂರನೆಯದರಲ್ಲಿ ಇಲ್ಲ ಅಂದರೆ 1ಕ್ಕೆ 2 ಸೇರಿ 3, ಯಾದಗಿರಿ.

ಮಕ್ಕಳು ತಪ್ಪುವುದು ಬೆರಳು ಮಡಚಿ ಎಣಿಸುವಾಗ. ಎಣಿಸುವ ಕೈ ಬೆನ್ನ ಹಿಂದೆ ಇರಲಿ. ದೊಡ್ಡ ಮಕ್ಕಳಿಗೆ 5 ರಟ್ಟು ಮಾಡಿದರೆ 31 ಹೆಸರು ಹಿಡಿಸುತ್ತದೆ, ಅಂದರೆ ಇಡೀ ರಾಜ್ಯದ ಜಿಲ್ಲೆಗಳು. ಒಂದೊಂದು ರಟ್ಟಿನಲ್ಲಿ 16 ಹೆಸರು, ಬೀಗದ ಕೈ 1, 2, 4, 8, 16. ಆರು ರಟ್ಟು ಮಾಡಿ 1ರಿಂದ 63ರವರೆಗೆ ಸಂಖ್ಯೆ ಬರೆದರೆ ವಯಸ್ಸು ಹೇಳುವ ಹಳೆಯ ಆಟ ಆಗುತ್ತದೆ. ನಮಗೆ ಜಿಲ್ಲೆಗಳ ಆಟವೇ ಇಷ್ಟ. ಸಂಖ್ಯೆ ಕಂಡ ಕೂಡಲೇ ಮಂದಿ ಲೆಕ್ಕ ಹುಡುಕುತ್ತಾರೆ, ಊರ ಹೆಸರು ಕಂಡರೆ ಹುಡುಕುವುದಿಲ್ಲ.

ಪ್ರಶ್ನೆ: ಇಸ್ಪೀಟು ಎಲೆ ಬಳಸಿದರೆ ನಮ್ಮ ಸಂಘದ ಹಿರಿಯರು ಒಪ್ಪುವುದಿಲ್ಲ. ವೇದಿಕೆಯ ಮೇಲೆ ಮೂವರ ಮನಸ್ಸು ಓದುವ, ಎಲೆ ಇಲ್ಲದ ಆಟ ಬೇಕು.
– ಯುವಕ ಸಂಘದ ಕಾರ್ಯಕರ್ತ, ಸೇಡಂ

ಉತ್ತರ: ಹಿರಿಯರ ಮಾತಿಗೆ ಬೆಲೆ ಕೊಡಿ, ಎಲೆ ಇಲ್ಲದಿದ್ದರೆ ಏನೂ ನಷ್ಟವಿಲ್ಲ. ಬೇಕಾದದ್ದು ಒಂದು ಚೊಂಬು, ಪ್ಯಾಡ್, ಒಂದೇ ಅಳತೆಯ ಮೂರು ಚೀಟಿ, ಮೂರು ಬಟ್ಟಲಲ್ಲಿ ತೊಗರಿ, ಜೋಳ, ಕಡಲೆ.

ಮೊದಲು ಬಟ್ಟಲ ಗುಟ್ಟು. ಯಾವ ಬಟ್ಟಲು ಉಳಿಯಬೇಕು ಎನ್ನುವುದು ನಿಮ್ಮ ಕೈಯಲ್ಲಿದೆ. ಕಡಲೆ ಉಳಿಯಬೇಕು ಎನ್ನಿ. ‘ಎರಡು ಬಟ್ಟಲ ಎತ್ರಿ’ ಎಂದು ಹೇಳಿ. ಅವರು ತೊಗರಿ, ಜೋಳ ಎತ್ತಿದರೆ ‘ಅವೆರಡೂ ಬಾಜೂಕ ಇಡ್ರಿ, ಇದೊಂದು ಉಳೀತು’ ಎನ್ನಿ. ಎತ್ತಿದ ಎರಡರಲ್ಲಿ ಕಡಲೆ ಇದ್ದರೆ ‘ಅದರಾಗ ಒಂದು ನನಗ ಕೊಡ್ರಿ’ ಎನ್ನಿ. ಕಡಲೆ ಕೊಟ್ಟರೆ ‘ನೀವು ಕೊಟ್ಟದ್ದು ಇದು’ ಎಂದು ಎತ್ತಿ ತೋರಿಸಿ. ಬೇರೆಯದನ್ನು ಕೊಟ್ಟರೆ ಅದನ್ನು ಬದಿಗಿಟ್ಟು ‘ನಿಮ್ಮ ಕೈಯಾಗ ಉಳಿದದ್ದು ಅದು’ ಎನ್ನಿ. ಮೂರು ದಾರಿಗೂ ಮಾತು ಬಾಯಿಗೆ ಬರಬೇಕು, ತಡವರಿಸಿದ ಅರ್ಧ ಸೆಕೆಂಡಿನಲ್ಲಿ ಗುಟ್ಟು ಹೋಗುತ್ತದೆ. ಏನು ಮಾಡಲಿದ್ದೀರಿ ಎಂದು ಮುಂಚೆ ಹೇಳಬೇಡಿ. ಮತ್ತೊಮ್ಮೆ ಮಾಡಿ ತೋರಿಸಿ ಎಂದರೆ ತೋರಿಸಬೇಡಿ. ತೊಗರಿಯನ್ನು ಮಾತ್ರ ಗುರಿ ಮಾಡಿಕೊಳ್ಳಬೇಡಿ. ತೊಗರಿ ಬೆಳೆಯುವ ನಾಡಿನಲ್ಲಿ ‘ತೊಗರಿನೇ ಅಂತಾನ, ಗೊತ್ತಿತ್ತು’ ಎನ್ನುವವರಿಗೆ ಆಶ್ಚರ್ಯ ಎಲ್ಲಿಂದ ಬರಬೇಕು?

ಈಗ ಚೊಂಬು. ಮೊದಲನೆಯವರಿಗೆ ಒಂದು ಊರು ನೆನೆಯಲು ಹೇಳಿ. ನೀವು ಚೀಟಿಯಲ್ಲಿ ಅವರ ಊರು ಬರೆದ ಹಾಗೆ ಮಾಡಿ ‘ಕಡಲೆ’ ಎಂದು ಬರೆದು, ಮಡಚಿ ಚೊಂಬಿಗೆ ಹಾಕಿ. ಆಮೇಲೆ ‘ಇನ್ನ ಬದಲು ಮಾಡ್ಲಿಕ್ಕ ಆಗೂದಿಲ್ಲ, ಜೋರಾಗಿ ಹೇಳ್ರಿ’ ಎಂದು ಕೇಳಿ. ಹುಮನಾಬಾದ್ ಅಂದರು ಎನ್ನಿ. ಎರಡನೆಯವರು ಮೂರಂಕಿಯ ಸಂಖ್ಯೆ ನೆನೆಯುತ್ತಾರೆ, ನೀವು ಬರೆಯುವುದು ‘ಹುಮನಾಬಾದ್’. ಚೀಟಿ ಚೊಂಬಿಗೆ ಬಿದ್ದ ಮೇಲೆ ಅವರು ಸಂಖ್ಯೆ ಹೇಳುತ್ತಾರೆ. ಮೂರನೆಯವರನ್ನು ಬಟ್ಟಲುಗಳ ಮುಂದೆ ನಿಲ್ಲಿಸಿ, ಆರಿಸುವ ಮುನ್ನ ಆ ಸಂಖ್ಯೆ ಬರೆದು ಹಾಕಿ, ನಂತರ ಆರಿಸಲು ಹೇಳಿ. ಪ್ರತಿ ಸಲ ಒಂದು ಹೆಜ್ಜೆ ಮುಂದೆ ಇರುತ್ತೀರಿ, ಅಷ್ಟೇ. ಕೊನೆಗೆ ಚೊಂಬು ಸಭೆಯ ಯಾರದಾದರೂ ಕೈಗೆ.

ಕೆಡಿಸುವುದು ಪೆನ್ನಿನ ಓಟ. ಎರಡನೆಯವರು ನೆನೆದದ್ದು ಮೂರಂಕಿ, ನೀವು ಬರೆಯುತ್ತಿರುವುದು ಕೊಂಬು, ದೀರ್ಘ, ಒತ್ತು ಇರುವ ಊರ ಹೆಸರು. ಮುಂದಿನ ಸಾಲಿನ ಜಾಣರು ಪೆನ್ನಿನ ತುದಿ ನೋಡಿಯೇ ಹಿಡಿಯುತ್ತಾರೆ. ಪ್ಯಾಡನ್ನು ಗದ್ದದ ಮಟ್ಟಕ್ಕೆ ಎತ್ತಿ ಬರೆಯಿರಿ. ಊರ ಹೆಸರನ್ನು ಎರಡು ಉಸಿರಿನಲ್ಲಿ, ನಡುವೆ ಅವರ ಮುಖ ನೋಡುತ್ತ ಮುಗಿಸಿ. ಚೊಂಬಿನಲ್ಲಿ ಚೀಟಿಗಳು ಬಿದ್ದ ಕ್ರಮದಲ್ಲೇ ಇದ್ದರೂ ಅಪಾಯ, ಕೊಡುವ ಮುನ್ನ ಎರಡು ಸಲ ಅಲುಗಾಡಿಸಿ. ಫ್ಯಾನ್ ನಿಲ್ಲಿಸಲು ಹೇಳಿ. ಮಡಚುವ ಹೊತ್ತಿಗೆ ಚೀಟಿ ಹಾರಿ ಮುಂದಿನ ಸಾಲಿಗೆ ಬಿದ್ದರೆ ಅದನ್ನು ಸರಿಮಾಡುವ ಮಾತೇ ಇಲ್ಲ.

ಪ್ರಶ್ನೆ: ಹೆಬ್ಬೆರಳಿನ ಉಗುರಿಗೆ ಪೆನ್ಸಿಲ್ ಸೀಸ ಅಂಟಿಸಿ, ಎದುರಿನವರು ಉತ್ತರ ಹೇಳಿದ ಮೇಲೆ ಗುಟ್ಟಾಗಿ ಬರೆಯುವ ಸಾಧನ ಕೊಂಡಿದ್ದೇನೆ. ಕನ್ನಡ ಅಕ್ಷರ ಏನು ಮಾಡಿದರೂ ಬರುತ್ತಿಲ್ಲ.
– ಜೇವರ್ಗಿ

ಉತ್ತರ: ಬರುವುದೂ ಇಲ್ಲ. ನಮ್ಮ ಲಿಪಿ ದುಂಡು, ಹೆಬ್ಬೆರಳಿನ ಗೆಣ್ಣು ಮೇಲೆ ಕೆಳಗೆ ಚಲಿಸುತ್ತದೆ, ದುಂಡಗೆ ತಿರುಗುವುದಿಲ್ಲ. ನೇರ ಗೆರೆಯ 1, 4, 7 ಮೊದಲು ಕಲಿಯಿರಿ, 8 ಕೊನೆಗೆ. ಕಾರ್ಡು ದಪ್ಪ ಇರಲಿ, ನುಣುಪು ಬೇಡ, ಹೊಳೆಯುವ ಕಾಗದದ ಮೇಲೆ ಸೀಸ ಜಾರುತ್ತದೆ. ಬರೆಯಬೇಕಾದ ಜಾಗದಲ್ಲಿ 2 ಸೆಂಟಿಮೀಟರ್ ಚೌಕ ಮೊದಲೇ ಎಳೆದಿಡಿ. ನೀವು ಮೊದಲು ಎಲ್ಲರೆದುರು ಬರೆದಂತೆ ನಟಿಸುವ ಪೆನ್ಸಿಲ್ಲೂ ಉಗುರಿನ ಸೀಸದಷ್ಟೇ ಕಪ್ಪಿರಬೇಕು. ಬೆವರಿಗೆ ಅಂಟು ಬಿಡುತ್ತದೆ, ಹಚ್ಚುವ ಮುನ್ನ ಉಗುರನ್ನು ಸ್ಪಿರಿಟ್‌ನಿಂದ ಒರೆಸಿ.

ಪ್ರಶ್ನೆ: ಜಾತ್ರೆಯಲ್ಲಿ ಕಣ್ಣು ಕಟ್ಟಿಕೊಂಡ ಹುಡುಗಿ ಮಂದಿಯ ಕೈಯಲ್ಲಿರುವ ವಸ್ತು ಹೇಳುವುದು ಹೇಗೆ?
– ಚಿತ್ತಾಪುರ

ಉತ್ತರ: ವಸ್ತು ನೋಡಿ ಅವಳನ್ನು ಕೇಳುವ ಜೊತೆಗಾರನ ಮಾತಿನಲ್ಲೇ ಉತ್ತರ ಇರುತ್ತದೆ. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಜೂಲಿಯಸ್ ಮತ್ತು ಆಗ್ನೆಸ್ ಜಾನ್ಸಿಗ್ ಎಂಬ ದಂಪತಿ ಇಂಥ ಸಂಕೇತಗಳಿಂದಲೇ ಲಂಡನ್ನಿನಲ್ಲಿ ಹೆಸರಾದರು. ನೀವು ಹೀಗೆ ಗೊತ್ತುಮಾಡಿಕೊಳ್ಳಬಹುದು: ‘ಹೇಳು’ ಎಂದರೆ ಪೆನ್ನು, ‘ಈಗ ಹೇಳು’ ಎಂದರೆ ಗಡಿಯಾರ, ‘ಹಾಂ, ಇದೇನು’ ಎಂದರೆ ಕನ್ನಡಕ, ‘ಲಗೂ ಹೇಳು’ ಎಂದರೆ ಬೀಗದ ಕೈ. ಹತ್ತು ವಸ್ತುಗಳಿಂದ ಶುರು ಮಾಡಿ. ಮೊಬೈಲ್ ಬಂದೇ ಬರುತ್ತದೆ, ಅದಕ್ಕೂ ಒಂದು ಮಾತು ಇರಲಿ. ಅದೇ ವಸ್ತು ಎರಡನೇ ಸಲ ಬಂದರೆ ‘ಮತ್ತ?’ ಅಷ್ಟೇ. ಇಬ್ಬರೂ ದಿನಾ ಅರ್ಧ ಗಂಟೆ ಮಾಡಿದರೂ ತಿಂಗಳು ಬೇಕು, ಯಾಕೆಂದರೆ ಕಷ್ಟ ಇರುವುದು ಸಂಕೇತ ನೆನಪಿಡುವುದರಲ್ಲಿ ಅಲ್ಲ, ಸಂಕೇತ ಅಲ್ಲದ ಮಾತನ್ನು ಬಾಯಿತಪ್ಪಿ ಆಡದಿರುವುದರಲ್ಲಿ.

ಪ್ರಶ್ನೆ: ಆಟ ಮುಗಿದ ಮೇಲೆ ಒಬ್ಬ ತಾಯಿ ಬಂದು, ಮನೆ ಬಿಟ್ಟು ಹೋದ ಮಗ ಎಲ್ಲಿದ್ದಾನೆ ಹೇಳಪ್ಪ ಎಂದು ಕೈ ಮುಗಿದರು. ಏನು ಹೇಳಬೇಕಿತ್ತು?
– ಆಳಂದ

ಉತ್ತರ: ‘ಯವ್ವಾ, ಇದು ಆಟ, ನನಗ ಮನಸ್ಸು ಓದಲಿಕ್ಕ ಬರೂದಿಲ್ಲ’ ಎಂದು, ಅವರ ಪಕ್ಕ ಕೂತು, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದಾರೆಯೇ ಕೇಳಿ, ಕೊಟ್ಟಿಲ್ಲದಿದ್ದರೆ ಜೊತೆಗೆ ಹೋಗಿ. ಸಮಾಧಾನಕ್ಕೆಂದು ‘ಚೆನ್ನಾಗಿದ್ದಾನೆ’ ಎಂದರೂ ಅದು ಸುಳ್ಳು, ಆ ಸುಳ್ಳನ್ನು ನಂಬಿ ಅವರು ಹುಡುಕುವುದನ್ನು ನಿಲ್ಲಿಸಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ ಅವರು ಪವಾಡಗಳನ್ನು ಪರೀಕ್ಷಿಸಲು 1976ರಲ್ಲಿ ಸಮಿತಿ ಮಾಡಿದ ನಾಡು ಇದು. ಜಾದೂ ಆಡಿಸುವವರು ಆ ಪ್ರಶ್ನಿಸುವ ಕಡೆ ನಿಲ್ಲಬೇಕು ಎಂಬುದು ನಮ್ಮ ನಿಲುವು. ಆಟದ ಮೊದಲೇ ಒಂದು ಮಾತು ಹೇಳಿಬಿಡಿ: ‘ಇಲ್ಲಿ ದೈವ ಇಲ್ಲ, ದೆವ್ವ ಇಲ್ಲ, ಅಭ್ಯಾಸ ಅದ.’ ಇದನ್ನು ಹೇಳಿದರೆ ಆಟದ ರುಚಿ ಕಡಿಮೆಯಾಗುತ್ತದೆ ಎನ್ನುವ ಭಯ ಬೇಡ. ಹೇಗೆ ಮಾಡಿದಿರಿ ಎಂಬ ಕುತೂಹಲ ಆಗಲೇ ಹೆಚ್ಚುತ್ತದೆ.

ಪ್ರಶ್ನೆ: ಗ್ಯಾದರಿಂಗ್‌ನಲ್ಲಿ 20 ನಿಮಿಷ ಕೊಟ್ಟಿದ್ದಾರೆ. ಎಷ್ಟು ಆಟ, ಯಾವ ಕ್ರಮ?
– ಬಿ.ಇಡಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಾಲ್ಕು ಆಟ ಸಾಕು. ಉಳ್ಳಾಗಡ್ಡಿ 3 ನಿಮಿಷ, ಜಿಲ್ಲೆಗಳ ರಟ್ಟು 4 ನಿಮಿಷ, ಹರಿಯುವ ಚೀಟಿ 5 ನಿಮಿಷ, ಚೊಂಬು 7 ನಿಮಿಷ. ಲೆಕ್ಕದ ಆಟ ಎರಡು ಬೇಡ. ಉಳ್ಳಾಗಡ್ಡಿಯ ಹಿಂದೆಯೇ 1089 ಬಂದರೆ ಗಣಿತದ ಮೇಷ್ಟ್ರಿಗೆ ಎರಡೂ ಅರ್ಥವಾಗುತ್ತವೆ. ರಟ್ಟು ಹಿಡಿಯಲು ಶಾಲೆಯ ಮಗುವನ್ನೇ ಕರೆಯಿರಿ, ಚೊಂಬಿಗೆ ಒಬ್ಬ ಹಿರಿಯರು, ಒಬ್ಬ ತಾಯಿ, ಒಬ್ಬ ವಿದ್ಯಾರ್ಥಿ. ಕರೆಂಟ್ ಹೋದರೆ ಮೈಕ್ ಇಲ್ಲದೆ ನಡೆಯುವುದು ರಟ್ಟಿನ ಆಟ ಮಾತ್ರ, ಅದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಬಟ್ಟಲುಗಳ ಧಾನ್ಯವನ್ನು ಹಿಂದಿನ ರಾತ್ರಿಯೇ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿಡಿ. ಚೀಟಿ ಮೂರಕ್ಕೆ ಆರು ಒಯ್ಯಿರಿ, ಪೆನ್ನು ಎರಡು.